ಮಕ್ಕಳ ಅಪೆಂಡಿಸೈಟಿಸ್: ಕೈಗೆ ತಿಳಿಯುವುದು, ಸ್ಕ್ಯಾನ್‌ಗೆ ಕಾಣುವುದು

ಮಕ್ಕಳ ಶಸ್ತ್ರಚಿಕಿತ್ಸಕನಾದ ನಾನು ಹೊಟ್ಟೆನೋವೆಂದು ಬಂದ ಮಗುವಿನ ಹೊಟ್ಟೆಯನ್ನು ಮೊದಲೇ ಮುಟ್ಟುವುದಿಲ್ಲ. ಅದು ನಡೆದು ಬರುವ ರೀತಿಯನ್ನು ಗಮನಿಸುತ್ತೇನೆ. ದೊಡ್ಡ ಕರುಳಿನ ಆರಂಭಕ್ಕೆ ಅಂಟಿಕೊಂಡಿರುವ ಸಣ್ಣ ಕೊಳವೆಯಾದ ಅಪೆಂಡಿಕ್ಸ್‌ನ ಉರಿಯೂತ (ಅಪೆಂಡಿಸೈಟಿಸ್) ಹೊಟ್ಟೆಯ ಒಳಪೊರೆಗೆ ತಗುಲಿದ್ದರೆ ಮಗು ಸ್ವಲ್ಪ ಬಾಗಿ, ಅಳೆದು ಹೆಜ್ಜೆಯಿಡುತ್ತದೆ, ಕುಪ್ಪಳಿಸು ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆಮೇಲೆ ತಂದೆತಾಯಿಯನ್ನು ಕೇಳುವುದು, ನೋವು ಮೊದಲು ಬಂತೋ ವಾಂತಿಯೋ ಎಂದು. ಹೊಕ್ಕುಳ ಸುತ್ತ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಸರಿದು, ಊಟ ಸೇರದೆ, ವಾಂತಿಯಾಗಿ, ಸಣ್ಣ ಜ್ವರ ಕಾಣಿಸಿಕೊಂಡರೆ ಅನುಮಾನ ಬಲವಾಗುತ್ತದೆ. 5 ವರ್ಷದೊಳಗಿನ ಮಕ್ಕಳಲ್ಲಿ ಈ ಕ್ರಮವನ್ನು ನಂಬಿ ಕೂರುವಂತಿಲ್ಲ. ಅವರಿಗೆ ನೋವಿನ ಜಾಗ ತೋರಿಸಲು ಬಾರದು, ಭೇದಿಯೂ ಇರಬಹುದು, ರೋಗ ತಿಳಿಯುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿರುವುದೂ ಅವರಲ್ಲೇ ಹೆಚ್ಚು. ಬಲ ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ ಕೂಡ ಹೊಟ್ಟೆನೋವಾಗಿ ಬರುವುದುಂಟು. ಹುಡುಗರಲ್ಲಿ ವೃಷಣ, ಹುಡುಗಿಯರಲ್ಲಿ ಅಂಡಾಶಯ ತಿರುಚಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ರಕ್ತದಲ್ಲಿ ಬಿಳಿಕಣಗಳ ಸಂಖ್ಯೆ ಮತ್ತು ಉರಿಯೂತವಿದ್ದಾಗ ಏರುವ ಸಿಆರ್‌ಪಿ ಎಂಬ ಪ್ರೋಟೀನ್‌ನ ಮಟ್ಟ ನೋಡಿದ ಮೇಲೆ ಅಲ್ಟ್ರಾಸೌಂಡ್ ಮಾಡಿಸುತ್ತೇನೆ. ಒತ್ತಿದರೂ ಚಪ್ಪಟೆಯಾಗದ, 6 ಮಿಲಿಮೀಟರ್‌ಗಿಂತ ದಪ್ಪವಾದ ಅಪೆಂಡಿಕ್ಸ್ ಕಂಡರೆ ರೋಗನಿರ್ಣಯ ಬಹುತೇಕ ಮುಗಿದಂತೆ. ಆದರೆ ಅಪೆಂಡಿಕ್ಸ್ ಕಾಣಲಿಲ್ಲ ಎಂಬ ವರದಿಗೆ ರೋಗವಿಲ್ಲವೆಂಬ ಅರ್ಥವಿಲ್ಲ. ಅಂಥಲ್ಲಿ ವಿಕಿರಣದ ಸಿಟಿ ಸ್ಕ್ಯಾನ್‌ಗೆ ಧಾವಿಸದೆ, ಮಗುವನ್ನು ದಾಖಲಿಸಿಕೊಂಡು ಕೆಲವು ಗಂಟೆಗಳ ಬಳಿಕ ನಾನೇ ಮತ್ತೆ ಪರೀಕ್ಷಿಸುತ್ತೇನೆ. ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸವನ್ನು ಒಂದೇ ಕೈ ಗುರುತಿಸಿದಷ್ಟು ಚೆನ್ನಾಗಿ ಬೇರೆ ಬೇರೆ ಕೈಗಳು ಗುರುತಿಸಲಾರವು. ಅಲ್ಲಿಯವರೆಗೆ ನೋವುನಿವಾರಕ ತಡೆಹಿಡಿಯುವ ಹಳೆಯ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನೋವು ತಗ್ಗಿದ ಮಗು ಹೊಟ್ಟೆಯನ್ನು ಬಿಗಿಹಿಡಿಯದೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ.

ರೋಗ ಖಚಿತವಾದೊಡನೆ ಡ್ರಿಪ್ ಮತ್ತು ಆಂಟಿಬಯಾಟಿಕ್ ಆರಂಭಿಸುತ್ತೇನೆ. ಒಡೆದ ಲಕ್ಷಣವಿಲ್ಲದ, ಸ್ಥಿರವಾಗಿರುವ ಮಗುವಿಗೆ ನಡುರಾತ್ರಿಯೇ ಶಸ್ತ್ರಚಿಕಿತ್ಸೆ ಆಗಬೇಕೆಂದಿಲ್ಲ. ಬೆಳಿಗ್ಗೆ ಲ್ಯಾಪರೋಸ್ಕೋಪಿಯಲ್ಲಿ ಸಣ್ಣ ರಂಧ್ರಗಳ ಮೂಲಕ ಅಪೆಂಡಿಕ್ಸ್ ತೆಗೆಯಬಹುದು. ಆಂಟಿಬಯಾಟಿಕ್ ಮಾತ್ರದಿಂದ ವಾಸಿಮಾಡುವ ಆಯ್ಕೆಯೂ ಇದೆ. ಆದರೆ ಅಪೆಂಡಿಕ್ಸ್‌ನೊಳಗೆ ಗಟ್ಟಿಯಾದ ಮಲದ ಕಲ್ಲು ಕಂಡರೆ ಅದನ್ನು ನಾನು ಸೂಚಿಸುವುದಿಲ್ಲ, ಉಳಿದವರಿಗೂ ರೋಗ ಮರುಕಳಿಸಬಹುದೆಂದು ಮೊದಲೇ ತಿಳಿಸುತ್ತೇನೆ.

ಒಡೆದು ಕೆಲವು ದಿನಗಳಾಗಿ ಕೀವು ಒಂದೆಡೆ ಕಟ್ಟಿಕೊಂಡಿದ್ದರೆ, ಸ್ಕ್ಯಾನ್ ನೋಡುತ್ತ ನಳಿಕೆಯಿಂದ ಕೀವು ಹೊರತೆಗೆಸಿ, ಶಸ್ತ್ರಚಿಕಿತ್ಸೆಯನ್ನು ಹಲವು ವಾರ ಮುಂದೂಡುವುದುಂಟು. ಒಡೆದ ಅಪೆಂಡಿಕ್ಸ್ ತೆಗೆಸಿಕೊಂಡು ಮನೆಗೆ ಹೋದ ಮಗುವಿಗೆ ಮತ್ತೆ ಜ್ವರ, ಹೊಟ್ಟೆನೋವು ಅಥವಾ ಭೇದಿ ಬಂದರೆ ಕೂಡಲೇ ಕರೆತರುವಂತೆ ಹೇಳಿರುತ್ತೇನೆ, ಏಕೆಂದರೆ ಹೊಟ್ಟೆಯೊಳಗೆ ಪುನಃ ಕೀವು ಕಟ್ಟುವ ಸಾಧ್ಯತೆ ಅವರಲ್ಲೇ ಹೆಚ್ಚು.