ಬಾಲ್ಕನಿಗೆ ಬಲೆ ಕಟ್ಟುವ ಮುಂಚೆ ಒಂದೂವರೆ ತಿಂಗಳು ಕಾದೆ

ವಿಧಾನಸೌಧದ ಎದುರು ಕಾಳು ಎರಚಿ, ಪಾರಿವಾಳದ ಹಿಂಡು ಎದ್ದಾಗ ಮಗಳ ವಿಡಿಯೊ ಮಾಡಿದವನು ನಾನೇ. ಅದೇ ಪಾರಿವಾಳ ನಮ್ಮ ಮನೆಯ ಏಸಿ ಹಿಂದೆ ಸಂಸಾರ ಹೂಡಿದಾಗ ಮಾತ್ರ ಸಿಟ್ಟು ಬಂತು.

ಮೊದಲು ಹಳೇ ಸಿಡಿ ನೇತು ಹಾಕಿದೆ. ಎರಡು ದಿನ ಹೆದರಿದವು, ಮೂರನೇ ದಿನ ಅದರ ಪಕ್ಕದಲ್ಲೇ ಕೂತು ಗುಟುರು ಹಾಕಿದವು. ಸರಿ, ಬಲೆಯೇ ಕಟ್ಟೋಣ ಅಂತ ಡ್ರಿಲ್ ತೆಗೆದುಕೊಂಡು ಹೋದರೆ ನಾಲ್ಕು ಪೊರಕೆ ಕಡ್ಡಿ, ಒಂದು ವೈರ್ ತುಂಡಿನ ಮೇಲೆ ಎರಡು ಬಿಳಿ ಮೊಟ್ಟೆ. ಅದನ್ನು ಗೂಡು ಅನ್ನೋದಾದರೂ ಹೇಗೆ! ಅಮ್ಮ ಬಾಗಿಲಲ್ಲೇ ನಿಂತು, "ಬಾಣಂತಿ ಮನೆ ಕೆಡವ್ತೀಯೇನೋ?" ಅಂದರು. ಡ್ರಿಲ್ ವಾಪಸ್ ಇಟ್ಟೆ.

ಮೊಟ್ಟೆ ಒಡೆಯೋಕೆ ಸುಮಾರು 18 ದಿನ, ಮರಿ ಹಾರೋಕೆ ಇನ್ನೊಂದು ತಿಂಗಳು. ಅಷ್ಟು ದಿನ ಬಟ್ಟೆ ಒಣಗಿಸಿದ್ದು ರೂಮಿನೊಳಗೆ. ಈ ನಡುವೆ ಟೆರೇಸಿನಲ್ಲಿ ದಿನಾ ಜೋಳ ಹಾಕುವ ಮೇಲಿನ ಮನೆ ಆಂಟಿ ಹತ್ತಿರ ಮಾತಾಡಿದೆ. "ಮೂಕಪ್ರಾಣಿ ಅಲ್ವಾ, ನಾವು ಹಾಕದಿದ್ರೆ ಯಾರು ಹಾಕ್ತಾರೆ?" ಅಂದರು. ಹಿಕ್ಕೆಯ ದೂಳಿನಿಂದ ಕೆಲವರಿಗೆ ಶ್ವಾಸಕೋಶವೇ ಕೆಡುತ್ತೆ ಅಂತ ಹೇಳಿದೆ, ಮುಖ ತಿರುಗಿಸಿದರು. 2025ರಲ್ಲಿ ಮುಂಬೈನಲ್ಲಿ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದ ಜಾಗವಾದ ದಾದರ್ ಕಬೂತರ್‌ಖಾನಾಕ್ಕೆ ಯಾರೂ ಕಾಳು ಹಾಕದಿರಲಿ ಅಂತ ಪಾಲಿಕೆಯವರು ಹೊದಿಸಿದ್ದ ಟಾರ್ಪಾಲನ್ನೇ ಜನ ಕಿತ್ತು ಹಾಕಿದ್ದರು, ಇನ್ನು ನನ್ನ ಮಾತು ಯಾವ ಲೆಕ್ಕ ಅಂತ ಸುಮ್ಮನಾದೆ.

ಮರಿಗಳು ಹಾರಿ ಹೋದ ಮೇಲೆ ಕೆಲಸ ಶುರು. ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ, ದೂಳೆಲ್ಲ ಮೂಗಿಗೆ ಬರುತ್ತೆ. ಮಾಸ್ಕ್, ಗ್ಲೌಸ್ ಹಾಕಿ, ನೀರು ಚಿಮುಕಿಸಿ, ಚೆನ್ನಾಗಿ ನೆನೆದ ಮೇಲೆ ಕೆರೆದು ಚೀಲಕ್ಕೆ ತುಂಬಿದೆ. ಆಮೇಲೆ ಗೋಡೆ ಸುತ್ತ ಅಡಿಗೊಂದು ಹುಕ್ ಹೊಡೆದು ನೈಲಾನ್ ಬಲೆಯನ್ನು ಬಿಗಿಯಾಗಿ ಕಟ್ಟಿದೆ. ಸಡಿಲ ಬಿಟ್ಟರೆ ಹಕ್ಕಿ ಕಾಲು ಸಿಕ್ಕಿಹಾಕಿಕೊಂಡು ಒದ್ದಾಡುತ್ತೆ. ನಾನು ಎಡವಿದ್ದು ಕೆಳಗಿನ ಮೂಲೆಯಲ್ಲಿ: ಪೈಪ್ ಪಕ್ಕ ಒಂದು ಗೇಣು ಜಾಗ ಬಿಟ್ಟಿದ್ದೆ, ಮರುದಿನ ಬೆಳಿಗ್ಗೆ ಗಂಡು ಪಾರಿವಾಳವೋ ಹೆಣ್ಣೋ, ಒಂದು ಒಳಗೆ ಆರಾಮಾಗಿ ಓಡಾಡುತ್ತಿತ್ತು. ಅದನ್ನು ಹೊರಗೆ ಕಳಿಸಿ ಆ ಮೂಲೆಯನ್ನೂ ಮುಚ್ಚಿದೆ.

ಒಂದು ವಾರ ಬಲೆಯ ಹೊರಗೆ ಕೂತು ಒಳಗೆ ಇಣುಕುತ್ತಿದ್ದವು, ಪಾಪ. ಆಮೇಲೆ ಕಾಣಲಿಲ್ಲ. ಮೊನ್ನೆ ಕೆಳಗಿನ ಮನೆಯವರು ಡ್ರಿಲ್ ಕೇಳಿಕೊಂಡು ಬಂದರು. ಕೊಟ್ಟೆ, ಮೊಟ್ಟೆ ಇದೆಯಾ ಅಂತ ಮೊದಲು ನೋಡಿ ಅಂದೆ.