ಹೂಮಳೆಗೆ ಮೊಟ್ಟೆಯಿಟ್ಟ ಪಿಗ್ಮಿ ಕೋರಿ

ಚಿಕ್ಕಮಗಳೂರಿನ ನಮ್ಮ ಮನೆಗೆ ಪಿಗ್ಮಿ ಕೋರಿ ಅನ್ನುವ ಗಾಜಿನ ತೊಟ್ಟಿಯ ಮೀನು ಬಂದು ಮೂರು ವರ್ಷವಾಯಿತು. ಮೀನಿನ ಉದ್ದ ಎರಡೂವರೆ ಸೆಂಟಿಮೀಟರ್, ಅಷ್ಟೇ. ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಗೆರೆ, ಬಾಯಿಯ ಪಕ್ಕ ಪುಟ್ಟ ಮೀಸೆ. ತವರು ಬ್ರೆಜಿಲ್‌ನ ಮದೀರಾ ನದಿಯ ಕಡೆ, ಅಂದರೆ ಅಮೆಜಾನ್ ಬಯಲು.

ಮೊದಲ ಸಲ ನಾಲ್ಕೇ ಮೀನು ತಂದೆ. ತೊಟ್ಟಿಯ ತಳಕ್ಕೆ ಅಂಗಡಿಯ ಬಣ್ಣದ ಜಲ್ಲಿ ಹಾಕಿದ್ದೆ. ಕೋರಿ ಮೀಸೆಯಿಂದ ತಳ ಕೆದಕಿ ತಿನ್ನುವ ಮೀನು. ಚೂಪು ಜಲ್ಲಿಗೆ ಉಜ್ಜಿ ಉಜ್ಜಿ ಮೀಸೆ ಸವೆದುಹೋಯಿತು. ಎರಡು ಸತ್ತವು. ತುಂಬಾ ಬೇಜಾರಾಯಿತು. ಆಮೇಲೆ ನಯವಾದ ಹೊಳೆಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವ ತನಕ ತೊಳೆದು ಹಾಸಿದೆ. ಇನ್ನೂ ಹತ್ತು ಮೀನು ತಂದೆ. ಗುಂಪು ದೊಡ್ಡದಾದ ಮೇಲೆ ಅವುಗಳ ನಡವಳಿಕೆಯೇ ಬದಲಾಯಿತು. ಬೇರೆ ಕೋರಿಗಳು ಹೆಚ್ಚಾಗಿ ತಳದಲ್ಲೇ ಇರುತ್ತವೆ, ಇವು ನಡುನೀರಲ್ಲಿ ಒಟ್ಟಾಗಿ ತೇಲುತ್ತವೆ, ಸುಸ್ತಾದರೆ ಎಲೆಯ ಮೇಲೆ ಕೂರುತ್ತವೆ.

"ರೀ, ಮೀನಿಗೆ ಉಸಿರು ಕಟ್ತಿದೆ ನೋಡಿ, ಮೇಲೆ ಓಡಿ ಓಡಿ ಬರ್ತಿದೆ" ಅಂದಳು ನನ್ನ ಹೆಂಡತಿ. ಆಗೊಮ್ಮೆ ಈಗೊಮ್ಮೆ ಬಂದರೆ ಭಯ ಬೇಡ. ಕೋರಿಗಳು ಗಾಳಿ ನುಂಗಿ ಕರುಳಿನಿಂದಲೂ ಉಸಿರಾಡುತ್ತವೆ. ಪದೇ ಪದೇ ಬಂದರೆ ಮಾತ್ರ ನೀರು ಕೆಟ್ಟಿದೆ ಅಂತ ತಿಳಿಯಬೇಕು.

ಮರಿ ಮಾಡಿಸುವ ಆಸೆಗೆ ದಾರಿ ತೋರಿಸಿದ್ದು ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಿಸುವ ಬೇಸಿಗೆ ಮಳೆ. ಮಾರ್ಚ್‌ನಲ್ಲಿ ಕಾಫಿ ತೋಟದವರೆಲ್ಲ ಆಕಾಶ ನೋಡುತ್ತಾ ಕೂರುವ ಹೊತ್ತು. ಕೋರಿಗಳಿಗೂ ತಣ್ಣನೆಯ ಹೊಸ ನೀರು ಬಿದ್ದರೆ ಮೊಟ್ಟೆಯಿಡುವ ಹುಮ್ಮಸ್ಸು ಬರುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೇ ಮಳೆನೀರು ಹಿಡಿಯೋಣ ಅಂದುಕೊಂಡೆ. ಹೆಂಚಿನ ಮೊದಲ ನೀರು ಕೊಳೆ ತರುತ್ತದೆ ಅಲ್ವಾ, ಅದನ್ನು ಬಿಟ್ಟು ಆಮೇಲಿನದನ್ನು ಹಿಡಿದೆ. ತೊಟ್ಟಿಯ ಮೂರರಲ್ಲೊಂದು ಭಾಗ ತೆಗೆದು, ಮಳೆನೀರನ್ನು ನಿಧಾನವಾಗಿ ಸುರಿದೆ. ನೀರಿನ ಬಿಸಿ 26 ಡಿಗ್ರಿಯಿಂದ 22ಕ್ಕೆ ಇಳಿಯಿತು. ಬರೀ ಮಳೆನೀರು ಮಾತ್ರ ತುಂಬಬೇಡಿ, ಅದರಲ್ಲಿ ಲವಣಾಂಶ ತೀರಾ ಕಡಿಮೆ.

ಮೂರನೇ ದಿನ ಬೆಳಿಗ್ಗೆ ಗಾಜಿಗೂ ಪಾಚಿಗೂ ಸಣ್ಣ ಸಣ್ಣ ಮೊಟ್ಟೆ ಅಂಟಿದ್ದವು. ಹೆಣ್ಣು ಹೊಟ್ಟೆಯ ರೆಕ್ಕೆಗಳ ನಡುವೆ ಮೊಟ್ಟೆ ಹಿಡಿದು, ಜಾಗ ಹುಡುಕಿ ಅಂಟಿಸುವುದನ್ನು ನಾನು ಕಾಫಿ ಆರುವ ತನಕ ನೋಡುತ್ತಾ ನಿಂತೆ. ದೊಡ್ಡವು ಮೊಟ್ಟೆ ತಿಂದುಬಿಡಬಹುದು. ಹಾಗಾಗಿ ಬೆರಳಿನಿಂದ ಮೆಲ್ಲಗೆ ಬಿಡಿಸಿ, ಅದೇ ನೀರಿದ್ದ ಡಬ್ಬಿಗೆ ಹಾಕಿದೆ. ಏರ್ ಪಂಪ್‌ನ ಗುಳ್ಳೆ ಸಣ್ಣಗೆ, ಜೊತೆಗೆ ಬೂಷ್ಟು ಹಿಡಿಯದಿರಲಿ ಅಂತ ಒಂದು ಒಣಗಿದ ಕಾಡುಬಾದಾಮಿ ಎಲೆ.

ನಾಲ್ಕನೇ ದಿನ ಮರಿ ಒಡೆದವು. ಒಂದೆರಡು ದಿನ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಬಂಡಾರವೇ ಸಾಕು. ಆಮೇಲೆ ಎಲೆ ಕೊಳೆಸಿದ ನೀರಿನ ಸೂಕ್ಷ್ಮಜೀವಿ, ನಂತರ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿ ಕೊಟ್ಟೆ. ಇಪ್ಪತ್ತಮೂರು ಮೊಟ್ಟೆಯಲ್ಲಿ ಒಂಬತ್ತು ಉಳಿದವು. ಶುರುವಿನಲ್ಲಿ ಮೈಮೇಲೆ ಕಪ್ಪು ಅಡ್ಡಪಟ್ಟೆಗಳಿದ್ದವು. ಅವು ಮಾಸಿ, ಉದ್ದ ಗೆರೆ ಮೂಡಿದ ಮೇಲೆ ದೊಡ್ಡ ತೊಟ್ಟಿಗೆ ಬಿಟ್ಟೆ. ಸಂಜೆಯೊಳಗೆ ಗುಂಪಿನಲ್ಲಿ ಯಾವುದು ಮರಿ ಅಂತ ಅಳತೆಯಿಂದ ಮಾತ್ರ ಗೊತ್ತಾಗುತ್ತಿತ್ತು.