ಎಲೆ ಅಡಿಕೆ ಸುಣ್ಣದಲ್ಲಿ ಕೆಎಸ್‌ಪಿ ಅಳೆದದ್ದು

ಮೊದಲ ಪಿಯುಸಿಯಲ್ಲಿ ಸಮತೋಲನದ ಪಾಠ ಮುಗಿಯುವ ಹೊತ್ತಿಗೆ ಬಹಳ ಹುಡುಗರಿಗೆ ಕೆಎಸ್‌ಪಿ (ಇನ್ನು ಕರಗದಷ್ಟು ಲವಣ ತುಂಬಿದ ನೀರಿನಲ್ಲಿ ಅದರ ಅಯಾನುಗಳ ಸಾಂದ್ರತೆಗಳ ಗುಣಲಬ್ಧ) ಅಂದರೆ ವರ್ಗಮೂಲ ತೆಗೆಯುವ ಲೆಕ್ಕ, ಅಷ್ಟೆ. ಉದಾಹರಣೆಗಳೋ, ಸಿಲ್ವರ್ ಕ್ಲೋರೈಡ್, ಬೇರಿಯಂ ಸಲ್ಫೇಟ್. ಲೀಟರ್ ನೀರಿಗೆ ಸುಮಾರು 2 ಮಿಲಿಗ್ರಾಂ ಕರಗುವ ಸಿಲ್ವರ್ ಕ್ಲೋರೈಡನ್ನು ನಮ್ಮ ಲ್ಯಾಬಿನ ಬ್ಯೂರೆಟ್ಟಿನಲ್ಲಿ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ) ಅಳೆಯುವುದಾದರೂ ಹೇಗೆ? ಅದಕ್ಕೇ ಮಂಡ್ಯದ ನಮ್ಮ ಕಾಲೇಜಿನಲ್ಲಿ ನಾನು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಿಡಿದೆ. ಎಲೆ ಅಡಿಕೆ ಅಂಗಡಿಯದೇ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬಿಡುವುದನ್ನು ಕಂಡ ಮಕ್ಕಳಿಗೆ ಅದು ಹೊಸದಲ್ಲ. ಅಲ್ಲಿಯೂ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಬೇರ್ಪಟ್ಟು ಕೊಳೆಯನ್ನು ಎಳೆದುಕೊಳ್ಳುತ್ತದೆ.

ಆ ಸುಣ್ಣ ಶುದ್ಧವಲ್ಲ, ಗಾಳಿ ತಾಕಿ ಒಂದಷ್ಟು ಕಾರ್ಬೊನೇಟ್ ಆಗಿರುತ್ತದೆ. ಅದು ಸೋಸುವ ಕಾಗದದ ಮೇಲೇ ಉಳಿಯುವುದರಿಂದ ಚಿಂತೆಯಿಲ್ಲ. ತೂಗುವುದೂ ಬೇಡ, ತಳದಲ್ಲಿ ಸ್ವಲ್ಪ ಕರಗದೆ ಉಳಿದರೆ ಸಾಕು. ಈ ಮಾತನ್ನು ಹುಡುಗರು ಸುಲಭಕ್ಕೆ ಒಪ್ಪುವುದಿಲ್ಲ. ಒಬ್ಬ ಒಂದು ಚಮಚ, ಇನ್ನೊಬ್ಬ ಮೂರು ಚಮಚ ಹಾಕಿದರೂ ಬ್ಯೂರೆಟ್ ಹೆಚ್ಚುಕಡಿಮೆ ಅದೇ ಅಂಕಿ ತೋರಿಸಿದಾಗಲೇ ನಂಬುವುದು.

ಬೋರ್‌ವೆಲ್ ನೀರು ಮಾತ್ರ ಕೂಡದು. ಅದರ ಬೈಕಾರ್ಬೊನೇಟ್ ಸುಣ್ಣವನ್ನೇ ತಿನ್ನುತ್ತದೆ. ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರಿಗೆ ಸುಣ್ಣ ಹಾಕಿ, ಬಿರಡೆ ಬಿಗಿದು, ಆಗಾಗ ಅಲುಗಿಸಿ, ರಾತ್ರಿಯಿಡೀ ಬಿಡುತ್ತೇವೆ. ಮರುದಿನ ಒಣ ಕಾಗದದಲ್ಲಿ ಸೋಸಿ ಮೊದಲ ಒಂದಿಷ್ಟನ್ನು ಚೆಲ್ಲುತ್ತೇವೆ. ಕಾಗದ ಒದ್ದೆಯಿದ್ದರೆ ದ್ರಾವಣ ತೆಳುವಾಯಿತೆಂದೇ ಲೆಕ್ಕ. ಕಣ್ಣಿಗೆ ಕನ್ನಡಕ ಕಡ್ಡಾಯ.

25 ಮಿಲಿಲೀಟರ್ ತಿಳಿಗೆ ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫಿನಾಲ್ಫ್ತಲೀನ್ ಹಾಕಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ, 11 ಮಿಲಿಲೀಟರ್ ತಲುಪುವ ಮುಂಚೆಯೇ ಗುಲಾಬಿ ಬಣ್ಣ ಹೋಗುತ್ತದೆ. ಹೋದ ಬಣ್ಣ ಮತ್ತೆ ಮರಳಿದರೆ ಸೋಸಿದ್ದು ಸರಿಯಿಲ್ಲ, ಸುಣ್ಣದ ಕಣ ಒಳಗೆ ಬಂದಿದೆ. ಹೈಡ್ರಾಕ್ಸೈಡ್ ಸುಮಾರು 0.043 ಮೋಲಾರ್, ಕ್ಯಾಲ್ಸಿಯಂ ಅದರ ಅರ್ಧ. ಒಂದು ಕ್ಯಾಲ್ಸಿಯಮ್ಮಿಗೆ ಎರಡು ಹೈಡ್ರಾಕ್ಸೈಡ್ ಇರುವುದರಿಂದ, ಕ್ಯಾಲ್ಸಿಯಂ ಅಂಕಿಯನ್ನು ಹೈಡ್ರಾಕ್ಸೈಡಿನ ಅಂಕಿಯಿಂದ ಎರಡು ಸಲ ಗುಣಿಸಿದರೆ ಕೆಎಸ್‌ಪಿ 4 × 10⁻⁵. ಪಠ್ಯದ ಪಟ್ಟಿಯಲ್ಲಿರುವುದು 5.5 × 10⁻⁶.

ಏಳು ಪಟ್ಟು ವ್ಯತ್ಯಾಸ! ಇಲ್ಲೇ ರೆಕಾರ್ಡ್ ಪುಸ್ತಕದಲ್ಲಿ ರಬ್ಬರ್ ಓಡಾಡಲು ಶುರು. ನಾನು ಅಂಕಿ ತಿದ್ದಲು ಬಿಡುವುದಿಲ್ಲ, ಏಕೆಂದರೆ ಅಳತೆ ಸರಿಯಾಗಿಯೇ ಇದೆ. ಪಟ್ಟಿಯ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಲೀಟರಿಗೆ 0.8 ಗ್ರಾಂ ಸುಣ್ಣ ಕರಗಬೇಕು. ನಿಜಕ್ಕೂ 25 ಡಿಗ್ರಿಯಲ್ಲಿ ಕರಗುವುದು ಅದರ ಸುಮಾರು ಎರಡರಷ್ಟು. ಇಷ್ಟು ಅಯಾನುಗಳ ನಡುವೆ ಪ್ರತಿಯೊಂದೂ ವಿರುದ್ಧ ಆವೇಶದವುಗಳ ಸುತ್ತುಗಟ್ಟಿನಲ್ಲಿ ಸಿಕ್ಕಿರುತ್ತದೆ, ಅದರ ಪರಿಣಾಮ ಸಾಂದ್ರತೆ ಹೇಳುವಷ್ಟು ಇರುವುದಿಲ್ಲ. ಈ ತಿದ್ದುಪಡಿ ಮಾಡಿದರೆ ಉತ್ತರ 1.1 × 10⁻⁵ರ ಆಸುಪಾಸಿಗೆ ಇಳಿಯುತ್ತದೆ. ಉಳಿದದ್ದರಲ್ಲಿ ಬಹುಪಾಲು, ಕ್ಯಾಲ್ಸಿಯಮ್ಮಿನ ಒಂದು ಭಾಗ ಒಂದು ಹೈಡ್ರಾಕ್ಸೈಡಿನ ಜೊತೆ ಜೋಡಿಯಾಗಿಯೇ ತೇಲುವುದರಿಂದ. ಪರೀಕ್ಷೆಗೆ ಇದು ಬೇಕಿಲ್ಲ. ಆದರೂ ಹೇಳುತ್ತೇನೆ, ಸಿಲ್ವರ್ ಕ್ಲೋರೈಡಿಗೆ ಒಪ್ಪುವ ಸರಳ ಸೂತ್ರ ಸುಣ್ಣಕ್ಕೆ ಯಾಕೆ ಒಪ್ಪುವುದಿಲ್ಲ ಎಂದು ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಉಳಿದ ತಿಳಿಯನ್ನು ಫ್ಲಾಸ್ಕಿನ ಬಾಯಿಗೆ ಹತ್ತಿ ಇಟ್ಟು ಕಾಯಿಸುತ್ತೇವೆ. ಸುಣ್ಣ ಕರಗುವಾಗ ಶಾಖ ಬಿಡುವ ಜಾತಿ, ಹಾಗಾಗಿ ಬಿಸಿಯಲ್ಲಿ ಅದರ ಕರಗುವಿಕೆ ಕಡಿಮೆ, ನೀರು ಮಬ್ಬಾಗುತ್ತದೆ. ಆರಿಸಿ ಚೆನ್ನಾಗಿ ಅಲುಗಿಸಿದ ಮೇಲೂ ತಿಳಿಯಾಗದಿದ್ದರೆ ಅದು ಕಾರ್ಬೊನೇಟ್, ಗಾಳಿ ಒಳಗೆ ಹೋಗಿದೆ ಅಂತ ಅರ್ಥ.